ಚಿಕ್ಕಪ್ಪನ ತೇಲುವ ಮಿಲ್ಲು

ನಮ್ಮ ಮನೆಯ ಹೊಸ್ತಿಲಾಚೆ ಒಂದು ಕಾಲೊರಸು ಬಿದ್ದಿದೆ. ಬಿದ್ದಿದೆ ಅನ್ನುವುದೇ ಸರಿ, ಏಕೆಂದರೆ ಅದನ್ನು ಒಬ್ಬರೇ ಎತ್ತುವುದು ಸುಲಭವಲ್ಲ. ಹೆಬ್ಬೆರಳು ದಪ್ಪದ ಹಗ್ಗದ ಎಳೆಗಳನ್ನು ಗಂಟಿಗೆ ಗಂಟು ಸೇರಿಸಿ ಹೆಣೆದದ್ದು. ವಾರಕ್ಕೊಮ್ಮೆಯಾದರೂ ಅದನ್ನು ಕೊಡವಬೇಕೆಂದು ನನ್ನ ಹೆಂಡತಿ ಕೆಲಸದ ಹೆಂಗಸಿಗೆ ಹೇಳಿದಾಗ ಅವಳು, "ಅಮ್ಮಾರೆ, ಇದನ್ನ ಕೊಡವಾಕೆ ನಮ್ಮನೆಯೋರ್ನೂ ಕರ್ಕೊಂಡು ಬರ್ಬೇಕಾಗ್ತದೆ" ಅಂದಳಂತೆ. ದಾವಣಗೆರೆಯಿಂದ ತಂದ ಹಸಿರು ಪ್ಲಾಸ್ಟಿಕ್ಕಿನ ಕಾಲೊರಸುಗಳು ಇದರ ಪಕ್ಕದಲ್ಲಿ ಎಷ್ಟೋ ಬಂದವು, ಹರಿದವು, ಹೋದವು. ಇದು ಮಾತ್ರ ನಾಲ್ಕು ದಶಕಗಳಿಂದ ನಮ್ಮೆಲ್ಲರ ಕಾಲಿನ ಕೆಸರು ತಿಂದುಕೊಂಡು ಹಾಗೇ ಇದೆ.

ಇಂಥವು ನಮ್ಮ ನೆಂಟರಿಷ್ಟರ ಮನೆಗಳಲ್ಲೆಲ್ಲ ಇದ್ದವು. ಹೊನ್ನಾಳಿಯ ಮೂಲ ಮನೆಯಲ್ಲಿ ಎರಡು, ಚನ್ನಗಿರಿಯ ಅಕ್ಕನ ಮನೆಯಲ್ಲಿ ಒಂದು, ನ್ಯಾಮತಿಯ ನಮ್ಮ ಮನೆಯಲ್ಲಿ ಒಂದು. ತ್ಯಾವಣಿಗೆಯ ಅತ್ತೆ ಅದನ್ನು ಕಾಲೊರಸು ಅಂತ ಒಪ್ಪಿಕೊಳ್ಳಲೇ ಇಲ್ಲ. ಭತ್ತದ ಚೀಲಕ್ಕೆ ತೇವ ತಗಲದಿರಲಿ ಅಂತ ಅಡಿಗೆ ಹಾಸಿದ್ದರು. ಎಲ್ಲವನ್ನೂ ಹೆಣೆದು ಹಂಚಿದವರು ನಮ್ಮ ಚಿಕ್ಕಪ್ಪ ನೀಲಕಂಠಪ್ಪ. ಹಗ್ಗ ಬಂದದ್ದು ಮುಂಬಯಿ ಬಂದರಿನಿಂದ. ಅಲ್ಲಿ ಅವರು ಇಪ್ಪತ್ತೇಳು ವರ್ಷ ಟಗ್ಗಿನಲ್ಲಿ ಕೆಲಸ ಮಾಡಿದ್ದರು. ದೊಡ್ಡ ಹಡಗುಗಳನ್ನು ಎಳೆದು ಸವೆದ ಹಗ್ಗವನ್ನು ಬಿಚ್ಚಿ, ಬಿಡುವಿನಲ್ಲಿ ಕಾಲೊರಸು ಹೆಣೆಯುವುದು ಅಲ್ಲಿಯ ಖಲಾಸಿಗಳ ವಾಡಿಕೆಯಂತೆ.

ಟಗ್ಗು ಅಂದರೆ ಏನೆಂದು ಈಗ ಬಿಡಿಸಿ ಹೇಳಬೇಕಾಗಿಲ್ಲ, ಟಿವಿಯಲ್ಲಿ ನೋಡಿರುತ್ತೀರಿ. ಊರಷ್ಟು ದೊಡ್ಡ ಹಡಗಿನ ಮೂಗಿಗೆ ಹಗ್ಗ ಕಟ್ಟಿಕೊಂಡು ಎಳೆಯುವ ಪುಟ್ಟ ಹಡಗು. ಆದರೆ ನಾನು ಹೇಳುತ್ತಿರುವುದು ಎಪ್ಪತ್ತರ ದಶಕದ ಮಾತು. ಆಗ ನಮ್ಮ ಹೊನ್ನಾಳಿಯಲ್ಲಿ ಸಮುದ್ರ ನೋಡಿದವರೇ ಬೆರಳೆಣಿಕೆಯಷ್ಟು ಜನ. ಗೋಕರ್ಣಕ್ಕೆ ಹೋಗಿ ಬಂದ ಒಬ್ಬ ಅಜ್ಜಿಯನ್ನು ಕೇಳಿದರೆ, "ಬಾಳ ನೀರೈತಪ್ಪ, ಬಾಯಿಗೆ ಹಾಕ್ಕೊಳ್ಳಾಕೆ ಬರಲ್ಲ" ಅನ್ನುತ್ತಿದ್ದರು. ಸಮುದ್ರದ ಬಗ್ಗೆ ನಮ್ಮೂರಿನ ತಿಳಿವಳಿಕೆ ಅಲ್ಲಿಗೆ ಮುಗಿಯುತ್ತಿತ್ತು.

ನಾನು ಚಿಕ್ಕವನಿದ್ದಾಗ ಚಿಕ್ಕಪ್ಪ ವರ್ಷಕ್ಕೊಮ್ಮೆ ರಜೆಯ ಮೇಲೆ ಬರುತ್ತಿದ್ದರು. ತಗಡಿನ ಟ್ರಂಕು, ಅದರೊಳಗೆ ಹಲ್ಲಿಗೆ ಅಂಟುವ ಬೊಂಬಾಯಿ ಹಲ್ವ, ಗೋಣಿಚೀಲದಲ್ಲಿ ಸುತ್ತಿದ ಹಗ್ಗ. ಉಗುರಿನ ಸಂದಿಯ ಕಲ್ಲಿದ್ದಲ ಕಪ್ಪು ಒಂದು ತಿಂಗಳ ರಜೆಯಲ್ಲೂ ಹೋಗುತ್ತಿರಲಿಲ್ಲ. ಗಟ್ಟಿ ನೆಲದ ಮೇಲೂ ಕಾಲು ಅಗಲಿಸಿಯೇ ನಡೆಯುತ್ತಿದ್ದರು. ನಮ್ಮ ತುಂಗಭದ್ರೆಯ ಬಗ್ಗೆ ಅವರಿಗೆ ಸ್ವಲ್ಪ ಅಸಡ್ಡೆ. ಹೊಳೆಯ ದಡದಲ್ಲಿ ನಿಂತು, "ಭರತ ಇಲ್ಲ, ಇಳಿತ ಇಲ್ಲ. ಇದಕ್ಕೆ ಹೋಗೋದೊಂದೇ ಗೊತ್ತು" ಅನ್ನುತ್ತಿದ್ದರು. ಹೊಳೆಗೆ ಬೈದದ್ದು ನಮ್ಮ ಅಜ್ಜಿಯ ಕಿವಿಗೆ ಬಿದ್ದು, ಮಗನನ್ನು ವಾಪಸು ದಡಕ್ಕೆ ಕಳಿಸಿ ಗಂಗಮ್ಮನಿಗೆ ಕೈ ಮುಗಿಸಿದ್ದೂ ಉಂಟು.

ಇಪ್ಪತ್ತನೆಯ ವಯಸ್ಸಿನಲ್ಲಿ ಪಕ್ಕದ ಬೀದಿಯ ಇಬ್ರಾಹಿಂ ಸಾಬರ ಜೊತೆ ಮನೆಗೆ ಹೇಳದೆ ರೈಲು ಹತ್ತಿದವರು ಅವರು. ಇಬ್ರಾಹಿಂ ಸಾಬರ ಅಣ್ಣ ಆಗಲೇ ಬಂದರಿನಲ್ಲಿ ಖಲಾಸಿಯಾಗಿದ್ದರು. ಇಬ್ರಾಹಿಂ ಸಾಬರು ನೀರಿನ ಮೇಲೆ ತಲೆ ಸುತ್ತಿ ಮೂರೇ ತಿಂಗಳಿಗೆ ಊರಿಗೆ ಬಂದರು. ಚಿಕ್ಕಪ್ಪನಿಗೆ ಸುತ್ತಲಿಲ್ಲ. ಉಗಿ ಟಗ್ಗಿನ ಹೊಟ್ಟೆಯೊಳಗೆ ಕಲ್ಲಿದ್ದಲು ಹಾಕುವ ಫೈರ್‌ಮನ್ ಆದರು.

ಅವರು ಹೇಳುತ್ತಿದ್ದುದನ್ನೆಲ್ಲ ಬರೆದಿಟ್ಟಿದ್ದರೆ ಒಂದು ಚರಿತ್ರೆಯೇ ಆಗುತ್ತಿತ್ತು. ನಾನು ಬರೆದಿಡಲಿಲ್ಲ. ನೆನಪಿರುವಷ್ಟು ಹೇಳುತ್ತೇನೆ. ಟಗ್ಗಿನ ಯಜಮಾನನಿಗೆ ಅಲ್ಲಿ ಸಾರಂಗ್ ಅನ್ನುತ್ತಾರಂತೆ. ಇವರ ಸಾರಂಗ್ ಸಾಹೇಬರು ರತ್ನಾಗಿರಿ ಕಡೆಯ ಮುದುಕರು, ಮೂರು ತಲೆಮಾರಿನಿಂದ ಬಂದರಿನ ನೀರು ಕಂಡವರು. ಅವರ ಅಜ್ಜನ ಕಾಲದಲ್ಲಿ ಟಗ್ಗುಗಳಿಗೆ ಎರಡೂ ಪಕ್ಕದಲ್ಲಿ ಮರದ ದೊಡ್ಡ ಚಕ್ರಗಳಿದ್ದವಂತೆ. ನೀರನ್ನು ಬಡಿಯುತ್ತ ಆ ಚಕ್ರಗಳು ತಿರುಗಿದರೆ ದೋಬಿಘಾಟಿನಂಥ ಸದ್ದು. ಆಗ ಬರುತ್ತಿದ್ದವು ಹಾಯಿಹಡಗುಗಳು. ಗಾಳಿ ನಿಂತರೆ ಅವು ಬಂದರಿನ ಬಾಯಿಯಲ್ಲೇ ದಿನಗಟ್ಟಲೆ ನಿಂತುಬಿಡುತ್ತಿದ್ದವು, ಟಗ್ಗು ಹೋಗಿ ಕರೆತರಬೇಕಿತ್ತು. ಆಮೇಲೆ ಹಡಗಿಗೇ ಇಂಜಿನ್ ಬಂತು. ಇನ್ನು ಟಗ್ಗಿಗೇನು ಕೆಲಸ ಅಂದುಕೊಂಡರಂತೆ ಜನ. ಆದದ್ದು ಉಲ್ಟಾ. ಇಂಜಿನ್ ಬಂದಷ್ಟೂ ಹಡಗು ದೊಡ್ಡದಾಯಿತು, ದೊಡ್ಡದಾದಷ್ಟೂ ಇಕ್ಕಟ್ಟಿನಲ್ಲಿ ತಿರುಗುವುದು ಕಷ್ಟವಾಯಿತು. ಡಾಕು, ಅಂದರೆ ಹಡಗು ನಿಲ್ಲಿಸುವ ಕಟ್ಟೆಕೊಳ, ಅದರ ಗೋಡೆಗಳ ನಡುವೆ ಮೆಲ್ಲಗೆ ಹೋಗುವಾಗ ಅದರ ಚುಕ್ಕಾಣಿ ಮಾತು ಕೇಳುವುದಿಲ್ಲ. ಬ್ರೇಕಂತೂ ಇಲ್ಲವೇ ಇಲ್ಲ.

ಹೀಗಾಗಿ ಒಂದು ಹಡಗಿಗೆ ಎರಡು ಟಗ್ಗು. ಒಂದು ಮುಂದೆ, ಒಂದು ಹಿಂದೆ. ಡಾಕಿನ ಬಾಗಿಲು ತೆಗೆಯುವುದು ಸಮುದ್ರ ಭರ್ತಿಯಾಗಿ ಉಕ್ಕಿದಾಗ ಮಾತ್ರ, ನೀರು ಇಳಿಯುವುದರೊಳಗೆ ಹಡಗು ಒಳಗಿರಬೇಕು. ಆ ಹೊತ್ತಿಗೆ ಸರಿಯಾಗಿ ಉಗಿ ಸಿದ್ಧವಿರಬೇಕಾದರೆ ಫೈರ್‌ಮನ್ ಮೊದಲೇ ಎದ್ದು ಒಲೆ ಉರಿಸಬೇಕು. ಭರತ ದಿನಾ ಒಂದೇ ಹೊತ್ತಿಗೆ ಬರುವುದಿಲ್ಲವಾದ್ದರಿಂದ ಇವರ ಊಟ, ನಿದ್ದೆ ಯಾವುದೂ ಒಂದೇ ಹೊತ್ತಿಗೆ ಇರುತ್ತಿರಲಿಲ್ಲ. ಊರಿಗೆ ಬಂದ ಮೇಲೂ ಚಿಕ್ಕಪ್ಪ ಒಂದು ದಿನ ಹನ್ನೊಂದಕ್ಕೆ, ಒಂದು ದಿನ ಮೂರಕ್ಕೆ ಊಟ ಕೇಳುತ್ತಿದ್ದರು. ಚಿಕ್ಕಮ್ಮ ಗೌರಮ್ಮನವರು, "ಇಲ್ಲಿ ಯಾವ ಸಮುದ್ರ ಉಕ್ಕಿ ಬಂದೈತಿ ಅಂತ?" ಅನ್ನುತ್ತ ಬಡಿಸುತ್ತಿದ್ದರು.

ಹಡಗಿನಿಂದ ಮೊದಲು ತೆಳುವಾದ ದಾರ ಎಸೆಯುತ್ತಾರೆ, ಅದರ ತುದಿ ಹಿಡಿದು ಎಳೆದರೆ ಹಿಂದೆ ದಪ್ಪ ಹಗ್ಗ ಬರುತ್ತದೆ. ಅದನ್ನು ಕೊಕ್ಕೆಗೆ ಹಾಕಿದ ಕೂಡಲೇ ಎಳೆಯುವಂತಿಲ್ಲ. ಹಗ್ಗ ನೀರಿನಿಂದ ಮೇಲೆದ್ದು, ಬಿಗಿದು, ಮೈಯ ನೀರೆಲ್ಲ ಹಿಂಡಿಕೊಳ್ಳುವವರೆಗೆ ಮೆಲ್ಲಗೆ. ಆಮೇಲೆ ಜೋರು. ಜಗ್ಗಿದರೆ ಹಗ್ಗ ತುಂಡಾಗುತ್ತದೆ, ತುಂಡಾದ ಹಗ್ಗ ಎದುರಿಗಿದ್ದವನ ಕಾಲು ತೆಗೆದುಕೊಂಡು ಹೋಗುತ್ತದೆ. ದಾರಿ ತೋರಿಸಲು ಹಡಗು ಹತ್ತಿದ ಬಂದರಿನ ಪೈಲಟ್ ಮೇಲಿಂದ ಸೀಟಿ ಊದಿದರೆ ಟಗ್ಗು ಹಾರ್ನಿನಿಂದ ಉತ್ತರ ಕೊಡುತ್ತದೆ. ಒಂದು ಕೂಗಿಗೆ ಎಡ, ಎರಡಕ್ಕೆ ಬಲ, ಹೀಗೆ ಏನೋ. ಹೊಟ್ಟೆಯೊಳಗಿದ್ದ ಚಿಕ್ಕಪ್ಪನಿಗೆ ಇಡೀ ಬಂದರು ಬರೀ ಸದ್ದು. ಯಾವ ದೇಶದ ಹಡಗನ್ನು ಎಳೆಯುತ್ತಿದ್ದೇವೆ ಅನ್ನುವುದು ಕೆಲಸ ಮುಗಿದು ಮೇಲೆ ಬಂದಾಗಲೇ ತಿಳಿಯುತ್ತಿತ್ತಂತೆ.

ಅವರ ಟಗ್ಗಿಗೆ ಮೊದಲು ಯಾರೋ ದೊರೆಸಾನಿಯ ಹೆಸರಿತ್ತು. ಸ್ವಾತಂತ್ರ್ಯ ಬಂದ ಮೇಲೆ ಅದರ ಮೇಲೆ ಬಣ್ಣ ಬಳಿದು ನದಿಯ ಹೆಸರು ಬರೆದರು. ಮಳೆಗಾಲದಲ್ಲಿ ಬಣ್ಣ ಎದ್ದಾಗ ದೊರೆಸಾನಿ ಮತ್ತೆ ಕಾಣಿಸಿಕೊಳ್ಳುತ್ತಿದ್ದಳು, ದೀಪಾವಳಿ ಹೊತ್ತಿಗೆ ಪುನಃ ಬಳಿಯುತ್ತಿದ್ದರು. ಆಮೇಲೆ ಡೀಸೆಲ್ ಟಗ್ಗುಗಳು ಬಂದವು. ಉಗಿ ಬೇಡ, ಒಲೆ ಬೇಡ, ಗುಂಡಿ ಒತ್ತಿದರೆ ಇಂಜಿನ್ ಶುರು. ಒಲೆ ಬೇಡವಾದ ಮೇಲೆ ಒಲೆ ಉರಿಸುವವನೂ ಬೇಡ. ಕೆಲವು ವರ್ಷ ಇಂಜಿನ್ನಿಗೆ ಎಣ್ಣೆ ಹಾಕುವ ಕೆಲಸ ಕೊಟ್ಟರು. ಹಳೆಯ ಟಗ್ಗನ್ನು ಗುಜರಿಗೆ ಹಾಕಿ ಕಡಿಯುವುದನ್ನು ನೋಡಿದ ವರ್ಷವೇ ಚಿಕ್ಕಪ್ಪ ಟ್ರಂಕು ಕಟ್ಟಿಕೊಂಡು ಹೊನ್ನಾಳಿಗೆ ಬಂದುಬಿಟ್ಟರು.

ತೊಂದರೆ ಶುರುವಾದದ್ದು ಅಲ್ಲಿಂದ. ರಜೆಯಲ್ಲಿ ಬಂದವನು ಹೇಳುವ ಕಥೆಯನ್ನು ಊರು ಕೇಳುತ್ತದೆ. ಕಾಯಂ ಆಗಿ ಬಂದವನು ದಿನಾ ಹೇಳಿದರೆ ಲೆಕ್ಕಾಚಾರ ಹಾಕುತ್ತದೆ. ನಮ್ಮ ಕಡೆ ಹೊಳೆಯ ಮರಳಿನಲ್ಲಿ ಕಬ್ಬಿನ ಗಾಡಿ ಹೂತರೆ ಎರಡು ಜೊತೆ ಎತ್ತು ಹೆಚ್ಚಿಗೆ ಹೂಡಬೇಕು. ಲಾರಿ ಹೂತರೆ ಇನ್ನೊಂದು ಲಾರಿಯೇ ಬರಬೇಕು. ಅಂಥಾದ್ದರಲ್ಲಿ, ನಮ್ಮ ಮನೆಯ ಅಂಗಳದಿಂದ ಹಿಟ್ಟಿನ ಗಿರಣಿಯವರೆಗೆ ಮಾತ್ರ ಉದ್ದವಿರುವ ದೋಣಿ, ಇಡೀ ಬಜಾರಿನಷ್ಟು ಉದ್ದದ ಹಡಗನ್ನು ಎಳೆಯುತ್ತದೆ ಅಂದರೆ ಯಾರು ನಂಬುತ್ತಾರೆ? ಕಣ್ಣಾರೆ ಕಂಡಿದ್ದ ಇಬ್ರಾಹಿಂ ಸಾಬರೂ ಅಷ್ಟರಲ್ಲಿ ತೀರಿಕೊಂಡಿದ್ದರು. ಬಸ್ ಸ್ಟ್ಯಾಂಡ್ ಎದುರಿನ ಹೋಟೆಲಿನ ಮಾಲೀಕರು, "ಮೇಕೆ ಆನೇನ ಎಳ್ಕೊಂಡು ಹೋತು ಅಂದಂಗಾತು ಬಿಡ್ರಿ ಇದು" ಅಂದುಬಿಟ್ಟರು. ಅವತ್ತಿನಿಂದ ಊರಿನಲ್ಲಿ ಯಾರಾದರೂ ಬೂಸಿ ಬಿಟ್ಟರೆ 'ಟಗ್ಗು ಬಿಟ್ಟ' ಅನ್ನುವ ಮಾತೇ ಹುಟ್ಟಿಕೊಂಡಿತು.

ಚಿಕ್ಕಪ್ಪ ಸಿಟ್ಟಾಗುತ್ತಿರಲಿಲ್ಲ. ತೋರಿಸಿಕೊಡಲು ನೋಡುತ್ತಿದ್ದರು. ಊಟಕ್ಕೆ ಕೂತರೆ ತಟ್ಟೆ ಹಡಗು, ಉಪ್ಪಿನಕಾಯಿ ಬಟ್ಟಲು ಮುಂದಿನ ಟಗ್ಗು, ನೀರಿನ ಲೋಟ ಹಿಂದಿನದು. ಮಜ್ಜಿಗೆಯ ಪಾತ್ರೆ ಪಾಪ ಡಾಕು. ತಟ್ಟೆಯನ್ನು ಸುತ್ತಿಸಿ ಒಳಗೆ ತರುವ ಹೊತ್ತಿಗೆ ಅನ್ನ ಆರಿ ಹೋಗುತ್ತಿತ್ತು.

ಮನೆಯಲ್ಲಿ ಎಲ್ಲರೂ ಎದ್ದು ಹೋದರೂ ನಾನೊಬ್ಬ ಕೂತು ಕೇಳುತ್ತಿದ್ದೆ. ಆ ಹೊತ್ತಿಗೆ ನಾನು ನ್ಯಾಮತಿಯ ಹೈಸ್ಕೂಲಿನಲ್ಲಿ ಮಾಷ್ಟರಾಗಿದ್ದೆ, ಭಾನುವಾರ ಹೊನ್ನಾಳಿಗೆ ಬರುತ್ತಿದ್ದೆ. ಅದೂ ಯಾವ ಪಾಠದ ಮಾಷ್ಟರು ಅಂತೀರಿ, ಭೂಗೋಳದ್ದು. ಮುಂಬಯಿ ಒಂದು ನೈಸರ್ಗಿಕ ಬಂದರು ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆದು, ಎರಡು ಅಂಕದ ಪ್ರಶ್ನೆಯಾಗಿ ಕೇಳಿ, ಉತ್ತರಕ್ಕೆ ಟಿಕ್ ಹಾಕುತ್ತಿದ್ದವನು ನಾನು. ನಾನೂ ಸಮುದ್ರ ನೋಡಿರಲಿಲ್ಲ. ಒಮ್ಮೆ ಚಿಕ್ಕಪ್ಪ, "ನಿಮ್ಮ ಪುಸ್ತಕದಾಗೆ ಟಗ್ಗಿನ ಬಗ್ಗೆ ಏನು ಬರ್ದಾರೋ?" ಎಂದು ಕೇಳಿದರು. ಹುಡುಕಿದೆ. ಹತ್ತಿ, ಸೆಣಬು, ಮ್ಯಾಂಗನೀಸ್ ರಫ್ತಿನ ಬಗ್ಗೆ ಇತ್ತು. ಟಗ್ಗು ಇರಲಿಲ್ಲ. ಪುಸ್ತಕದಲ್ಲಿಲ್ಲದ್ದು ಲೋಕದಲ್ಲಿ ಇರಲಾರದು ಅನ್ನುವ ನಂಬಿಕೆ ಮಾಷ್ಟರಿಗೆ ಕೆಲಸದ ಜೊತೆಗೇ ಬರುತ್ತದೆ. ಆದರೂ ತೊಡೆಯ ಮೇಲೆ ಉತ್ತರ ಪತ್ರಿಕೆ ಇಟ್ಟುಕೊಂಡು ಅವರ ಕಥೆಗೆ ಹೂಂಗುಟ್ಟುತ್ತಿದ್ದೆ. ಹಿರಿಯರ ಮಾತಿಗೆ ಹೂಂ ಅನ್ನುವುದು ಮರ್ಯಾದೆ ಅಂತ ನನ್ನ ಎಣಿಕೆ.

ಚಿಕ್ಕಪ್ಪನಿಗೆ ಒಬ್ಬಳೇ ಮಗಳು, ನಿರ್ಮಲಾ. ಹೊಲಿಗೆ ಕಲಿತಿದ್ದಳು, ಎಸ್ಸೆಸ್ಸೆಲ್ಸಿ ಪಾಸಾಗಿದ್ದಳು, ತಂದೆಯ ಮಾತಿನ ಪಾಲು ಅವಳಿಗೆ ಬಂದಿರಲಿಲ್ಲ. ಅವಳಿಗೆ ಬಂದ ಮೊದಲ ಗಂಡು ಚನ್ನಗಿರಿಯವರದು, ಅಡಿಕೆ ವ್ಯಾಪಾರದ ಮನೆತನ. ಹುಡುಗಿಯನ್ನು ನೋಡಿ ಒಪ್ಪಿದರು, ಉಪ್ಪಿಟ್ಟು ತಿಂದರು, ಬೊಂಬಾಯಿಯಲ್ಲಿ ಏನು ಮಾಡುತ್ತಿದ್ದಿರಿ ಎಂದು ಚಿಕ್ಕಪ್ಪನನ್ನು ಕೇಳಿದರು. ಚಿಕ್ಕಪ್ಪ ಮುಕ್ಕಾಲು ಗಂಟೆ ಹೇಳಿದರು. ಆಮೇಲೆ ಅವರ ಕಡೆಯಿಂದ ಸುದ್ದಿಯೇ ಇಲ್ಲ. ನಮ್ಮ ಅಕ್ಕ ಚನ್ನಗಿರಿಯಲ್ಲೇ ಇದ್ದುದರಿಂದ ಕಾರಣ ತಿಳಿದುಬಂತು. "ಹುಡುಗಿ ಚೆನ್ನಾಗೈತಿ. ಅಪ್ಪನ ಬಾಯಿಗೆ ಬಾಗಿಲಿಲ್ಲ. ಹಿಂಗೆ ಸುಳ್ಳು ಹೇಳೋರು ನಾಳೆ ಇನ್ನೇನು ಹೇಳ್ತಾರೋ" ಅಂದಿದ್ದರಂತೆ. ಎರಡನೆಯದು ತ್ಯಾವಣಿಗೆ ಹತ್ತಿರದ್ದು. ಆ ಸಲ ಚಿಕ್ಕಪ್ಪ ಅರ್ಧ ಗಂಟೆಗೆ ನಿಲ್ಲಿಸಿದರು. ಫಲ ಅದೇ.

ಚಿಕ್ಕಮ್ಮ ಅತ್ತರು. ನಿರ್ಮಲಾ ಅಳಲಿಲ್ಲ, ಹೊಲಿಗೆ ಮಿಷನ್ನಿನ ಮುಂದೆ ಕೂತು ಬೇಡದ ಬಟ್ಟೆಗೆಲ್ಲ ಅಂಚು ಹೊಲಿದಳು. ಹೀಗಿರುವಾಗ ಮೂರನೆಯದು ಬಂತು, ನನ್ನ ಸಹೋದ್ಯೋಗಿಯೊಬ್ಬರ ಮೂಲಕ. ಹುಡುಗ ಜಗಳೂರಿನವನು, ಮಲ್ಲಿಕಾರ್ಜುನ, ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್. ತಂದೆ ಚನ್ನಬಸಪ್ಪನವರು, ಶೇಂಗಾ ಬೆಳೆಯುವವರು ಅಂತ ಕೇಳಿದ್ದೆ. ಅದಕ್ಕಿಂತ ಹೆಚ್ಚು ವಿಚಾರಿಸಲಿಲ್ಲ. ಆಗ ಜಗಳೂರು ಚಿತ್ರದುರ್ಗ ಜಿಲ್ಲೆಗೆ ಸೇರಿತ್ತು, ನಾವು ಶಿವಮೊಗ್ಗಕ್ಕೆ. ಆ ಕಡೆಯ ಸುದ್ದಿ ನಮಗೆ ತಿಳಿಯುವುದೂ ಕಮ್ಮಿ.

ಅವರು ಬರುವ ಹಿಂದಿನ ದಿನ ನಡುಮನೆಯಲ್ಲಿ ಎಲ್ಲರೂ ಕೂತಿದ್ದೆವು. ಚಿಕ್ಕಮ್ಮ ಗಂಡನಿಗೆ, "ನಾಳೆ ಒಂದಿನ ನೀವು ತ್ಯಾವಣಿಗೆಗೆ ಹೋಗ್ಬಿಡ್ರಿ" ಅಂದರು. ಹೆಣ್ಣಿನ ತಂದೆಯೇ ಇಲ್ಲದೆ ಹೆಣ್ಣು ತೋರಿಸುವುದು ಹೇಗೆ? ಆಗ ನನ್ನ ತಲೆ ಓಡಿತು. ಬುದ್ಧಿವಂತನೆನ್ನಿಸಿಕೊಳ್ಳುವ ಆಸೆ ಮೊದಲಿನಿಂದಲೂ ನನಗೆ ಸ್ವಲ್ಪ ಹೆಚ್ಚು.

"ಚಿಕ್ಕಪ್ಪ, ಮಿಲ್ಲಿನಲ್ಲಿದ್ದೆ ಅಂತ ಹೇಳಿ ಸಾಕು" ಅಂದೆ. "ಬೊಂಬಾಯಿಗೆ ಹೋದವರೆಲ್ಲ ಮಿಲ್ಲಿಗೇ ಹೋಗೋದು. ಯಾರೂ ಮುಂದೆ ಕೇಳಲ್ಲ."

ಚಿಕ್ಕಪ್ಪ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಏನೋ ಕೇಳುತ್ತಾರೆ ಅಂದುಕೊಂಡೆ, ಕೇಳಲಿಲ್ಲ. "ಆತು. ನೀ ಹೇಳ್ದಂಗೆ ಆಗ್ಲಿ" ಅಂದು ಎದ್ದು ಹೋದರು. ಒಪ್ಪಿಸಿದೆ ಅಂತ ನಾನು ಬೀಗಿದೆ.

ಮರುದಿನ ಹನ್ನೊಂದರ ಬಸ್ಸಿಗೆ ಜಗಳೂರಿನವರು ಬಂದರು. ತಂದೆ, ತಾಯಿ, ಹುಡುಗ. ಕಾಲು ತೊಳೆದುಕೊಂಡು ಒಳಗೆ ಬಂದು ಕೂತರು. ನಿರ್ಮಲಾ ಉಪ್ಪಿಟ್ಟು, ಮೆಣಸಿನಕಾಯಿ ಬಜ್ಜಿ ತಂದಿಟ್ಟು ಹೋದಳು. ಹುಡುಗ ತಲೆಯೆತ್ತಿ ನೋಡಿದ, ಅವಳೂ ನೋಡಿದಳು. ಆ ಮಟ್ಟಿಗೆ ಎಲ್ಲ ಸರಿಯಾಗಿತ್ತು. ಚನ್ನಬಸಪ್ಪನವರು ಚಹಾ ಲೋಟ ಕೈಗೆತ್ತಿಕೊಂಡು, "ತಾವು ಬಾಂಬೇದಾಗೆ ಏನ್ ಮಾಡ್ತಿದ್ರಿ?" ಅಂದರು.

"ಮಿಲ್ನಾಗಿದ್ದೆ ರೀ" ಅಂದರು ಚಿಕ್ಕಪ್ಪ, ನೆಲ ನೋಡಿಕೊಂಡು.

ಚನ್ನಬಸಪ್ಪನವರ ಮುಖ ಅರಳಿತು. "ಹೌದೇನ್ರಿ? ಮೊದ್ಲೇ ಹೇಳ್ಬಾರ್ದಿತ್ತಾ. ನಾನೂ ಮಿಲ್ನೋನೇ. ಈ ಶೇಂಗಾ ಎಲ್ಲ ಈಗ ಈಗ. ದಾವಣಗೆರೇಲಿ ಹತ್ತಿ ಮಿಲ್ನಾಗೆ ಇಪ್ಪತ್ತು ವರ್ಷದ ಮ್ಯಾಲೆ ಜಾಬರ್ ಆಗಿದ್ದೆ. ಒಂದು ಸಾಲು ಮಗ್ಗ, ಅದರ ಜನ, ಎಲ್ಲ ನನ್ನ ಕೈಯಾಗೆ ಇತ್ತು."

ಬೇರೆ ಎಲ್ಲಾದರೂ ಆಗಿದ್ದರೆ ನಡೆಯುತ್ತಿತ್ತೇನೋ. ಹತ್ತಿ ಮಿಲ್ಲುಗಳ ಊರಾದ ದಾವಣಗೆರೆಯ ಆಸುಪಾಸಿನಲ್ಲಿ ಮಿಲ್ಲಿನ ಸುಳ್ಳು ಹೇಳಲು ಹೋದ ಭೂಗೋಳದ ಮಾಷ್ಟರು ನಾನೊಬ್ಬನೇ ಇರಬೇಕು.

"ಯಾವ ಖಾತೆ? ಸ್ಪಿನ್ನಿಂಗೋ, ವೀವಿಂಗೋ?"

ಚಿಕ್ಕಪ್ಪ ಒಂದು ನಿಮಿಷ ಯೋಚಿಸಿ, "ಬಾಯ್ಲರ್" ಅಂದರು. ನನಗೆ ಜೀವ ಬಂದಂತಾಯಿತು. ಮಿಲ್ಲಿಗೂ ಬಾಯ್ಲರ್ ಇರುತ್ತದಲ್ಲ. ಇಲ್ಲಿಗೇ ನಿಲ್ಲಿಸಿ ಚಿಕ್ಕಪ್ಪ ಅಂತ ಕಣ್ಣಿನಲ್ಲೇ ಹೇಳಿದೆ. ಆದರೆ ಚನ್ನಬಸಪ್ಪನವರು ಹಳೆಯ ದೋಸ್ತಿ ಸಿಕ್ಕವರಂತೆ ಹತ್ತಿರ ಸರಿದು ಕೂತರು.

"ಎಷ್ಟು ಪಾಳಿ ನಡೀತಿತ್ತು ನಿಮ್ಮಲ್ಲಿ?"

"ಪಾಳಿ ಅಂದ್ರೆ... ದಿನಕ್ಕೆರಡು ರೀ. ನೀರು ಏರ್ದಾಗ ಒಂದು, ಮತ್ತೆ ಏರ್ದಾಗ ಒಂದು."

"ಯಾವ ನೀರು?"

"ಸಮುದ್ರದ್ದು."

ಚನ್ನಬಸಪ್ಪನವರು ಲೋಟ ಕೆಳಗಿಟ್ಟರು. "ಮಿಲ್ಲಿಗೂ ಸಮುದ್ರಕ್ಕೂ ಏನ್ರಿ ಸಂಬಂಧ? ಹೋಗ್ಲಿ, ಕೂಲಿಗಳು ಎಷ್ಟು ಸಾವಿರ ಇದ್ರು?"

"ಹನ್ನೊಂದು ಜನ."

"ಹನ್ನೊಂದು ಸಾವಿರ?"

"ಅಲ್ರಿ. ಹನ್ನೊಂದೇ. ಸಾರಂಗ್ ಸಾಹೇಬರ್ನ ಹಿಡ್ಕೊಂಡು."

ಹುಡುಗ ಮಲ್ಲಿಕಾರ್ಜುನ ಕೆಮ್ಮುವವನಂತೆ ಕರ್ಚೀಪು ಬಾಯಿಗಿಟ್ಟುಕೊಂಡ. ನಾನು ನಡುವೆ ಬಾಯಿ ಹಾಕಿ, "ಈ ಸಲ ನಿಮ್ಮ ಕಡೆ ಮಳೆ ಹೆಂಗೆ?" ಅಂದೆ. ಯಾರೂ ನನ್ನ ಕಡೆ ತಿರುಗಲಿಲ್ಲ. ಮಳೆ ಅಂದದ್ದೇ ತಪ್ಪಾಯಿತು. ಚಿಕ್ಕಪ್ಪ ಆ ಮಾತನ್ನು ಹಿಡಿದುಕೊಂಡು, ಹೇಗಾದರೂ ಮಾಡಿ ಮಿಲ್ಲಿನ ಬಗ್ಗೆ ಒಂದು ನಿಜವಾದ ಸಂಗತಿ ಹೇಳಿಬಿಡೋಣ ಎಂಬಂತೆ, "ಮಳೆಗಾಲದಾಗೆ ಬಾಳ ತ್ರಾಸು ರೀ. ಸಿಕ್ಕಾಪಟ್ಟೆ ಅಲುಗಾಡ್ತಿತ್ತು" ಅಂದರು.

"ಏನು, ಮಿಲ್ಲು?"

"ಹೂಂ."

ಅಡುಗೆಮನೆಯ ಬಾಗಿಲಲ್ಲಿ ಚಿಕ್ಕಮ್ಮನ ಬಳೆ ಸದ್ದು ನಿಂತಿತು. ಚನ್ನಬಸಪ್ಪನವರು ಬಹಳ ಸಮಾಧಾನದಿಂದ ಕೇಳಿದರು: "ನಿಮ್ಮ ಮಿಲ್ಲು ತೇಲ್ತಿತ್ತೇನ್ರಿ?"

ಚಿಕ್ಕಪ್ಪ ತಲೆಯೆತ್ತಿದರು. "ತೇಲ್ತಿತ್ತು" ಅಂದರು.

ಆಮೇಲೆ ಎದ್ದು ನಿಂತು, ಹೆಗಲ ಟವೆಲನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡು ಹೇಳಿದರು: "ಸುಳ್ಳು ಹೇಳ್ದೆ ರೀ, ತಪ್ಪಾತು. ಮಿಲ್ ಅಲ್ಲ, ಟಗ್ಗು. ಹಡಗು ಎಳೆಯೋ ಹಡಗು. ನಿಜ ಹೇಳಿ ಎರಡು ಸಂಬಂಧ ಕಳ್ಕೊಂಡ್ವಿ. ಅದಕ್ಕೆ ಹಿಂಗೆ ಮಾಡಿದ್ವಿ. ನಂಬಿದ್ರೆ ನಂಬ್ರಿ, ಬಿಟ್ರೆ ಬಿಡ್ರಿ. ಹುಡುಗಿದೇನೂ ತಪ್ಪಿಲ್ಲ."

ಚನ್ನಬಸಪ್ಪನವರು ಕೂರಿ ಎಂದು ಕೈ ಮಾಡಿದರು. ಇವರು ಕೂತರು. ಬೈಯುತ್ತಾರೆ ಅಂದುಕೊಂಡರೆ ಅವರು ಕೇಳಿದ್ದೇ ಬೇರೆ: "ಬಾಯ್ಲರಿಗೆ ಒಲೆ ಎಷ್ಟು?" ಎರಡು ಅಂದರು ಚಿಕ್ಕಪ್ಪ. "ಕಲ್ಲಿದ್ದಲು ಎಲ್ಲಿಡ್ತಿದ್ರಿ?" ಎರಡೂ ಪಕ್ಕದಲ್ಲಿ, ಒಂದು ಕಡೆ ಖಾಲಿಯಾದರೆ ದೋಣಿ ಓರೆಯಾಗುತ್ತದೆಂದು ಎರಡೂ ಕಡೆಯಿಂದ ಸಮನಾಗಿ ತೆಗೆಯುತ್ತಿದ್ದೆವು ಅಂದರು. "ಮುಂದೆ ಒಂದು ಎಳೀತೈತಿ ಸರಿ. ಹಿಂದೆ ಒಂದು ಯಾಕೆ?" ಹಿಂದಿನದು ಎಳೆಯುವುದಲ್ಲ, ಹಡಗು ಮುನ್ನುಗ್ಗಿ ಗೋಡೆಗೆ ಬಡಿಯದಂತೆ ಹಿಡಿದುಕೊಳ್ಳುವುದು ಅಂದರು. ಕಾಯಂ ಆಗಿ ಊರಿಗೆ ಬಂದ ಐದು ವರ್ಷದಲ್ಲಿ ಯಾರೂ ಅವರನ್ನು ಇಂಥ ಪ್ರಶ್ನೆ ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಕೊನೆಗೆ ಚನ್ನಬಸಪ್ಪನವರು ವಾಚು ನೋಡಿ, ದಾವಣಗೆರೆ ಬಸ್ಸಿಗೆ ಹೊತ್ತಾಯಿತು, ಕಾಗದ ಬರೆಯುತ್ತೇವೆ ಅಂದು ಎದ್ದರು. ಕಾಗದ ಬರೆಯುತ್ತೇವೆ ಅಂದರೆ ಏನರ್ಥ ಅನ್ನುವುದು ಹೆಣ್ಣು ಹೆತ್ತವರಿಗೆಲ್ಲ ಗೊತ್ತು.

ಅವರು ಹೋದ ಮೇಲೆ ಚಿಕ್ಕಮ್ಮ ಗಂಡನಿಗೆ ಒಂದು ಮಾತೂ ಅನ್ನಲಿಲ್ಲ, ನನಗೂ ಅನ್ನಲಿಲ್ಲ. ನನಗೆ ಅನ್ನದೇ ಇದ್ದದ್ದು ಹೆಚ್ಚು ಕಷ್ಟವಾಯಿತು. ನಿರ್ಮಲಾ ಬಜ್ಜಿಯ ತಟ್ಟೆಗಳನ್ನು ಎತ್ತಿಕೊಂಡು ಹೋಗುವಾಗ, "ಅಣ್ಣ, ಆ ಹುಡುಗ ನಕ್ಕಿದ್ದು ಅಪ್ಪನ್ನ ನೋಡಿ ಅಲ್ಲ ಅನ್ಸುತ್ತೆ, ನಿನ್ನ ನೋಡಿ" ಅಂದಳು. ಅಷ್ಟು ಮಾತನ್ನು ಅವಳು ಒಟ್ಟಿಗೆ ಆಡಿದ್ದೇ ಅಪರೂಪ.

ಚಿಕ್ಕಪ್ಪ ಹೋಟೆಲಿಗೆ ಹೋಗುವುದನ್ನು ನಿಲ್ಲಿಸಿದರು. ಟಗ್ಗಿನ ಮಾತು ನಿಂತಿತು. ಊಟವನ್ನು ಹನ್ನೆರಡೂವರೆಗೆ ಸರಿಯಾಗಿ ಮಾಡಿ, ತಟ್ಟೆ ತೊಳೆದಿಟ್ಟು ಗೋಡೆಗೆ ಒರಗಿ ಕೂರುತ್ತಿದ್ದರಂತೆ. ಮುಂದಿನ ಭಾನುವಾರ ನಾನು ಹೋದಾಗ ಚಿಕ್ಕಮ್ಮ ಹಿತ್ತಲಿಗೆ ಕರೆದು, "ಏನಾರ ಮಾತಾಡ್ಸಪ್ಪ ಅವ್ರನ್ನ. ಮನೆ ಬಿಕೋ ಅಂತೈತಿ" ಅಂದರು. ನಾನು ಹೋಗಿ ಕೂತೆ. ಮಾತಾಡಿಸಿದ್ದಕ್ಕೆಲ್ಲ ಅವರು ಹೂಂ ಅಂದರು.

ಹತ್ತು ದಿನವಾಗಿರಬೇಕು. ನ್ಯಾಮತಿಯ ಶಾಲೆಯಲ್ಲಿ ಮಧ್ಯಾಹ್ನದ ಮೊದಲ ಪೀರಿಯಡ್ ಮುಗಿಸಿ ಬಂದರೆ ಸ್ಟಾಫ್ ರೂಮಿನ ಬಾಗಿಲಲ್ಲಿ ಚನ್ನಬಸಪ್ಪನವರು ಕೂತಿದ್ದರು. ಜಗಳೂರಿನಿಂದ ದಾವಣಗೆರೆ, ಅಲ್ಲಿಂದ ಹೊನ್ನಾಳಿ, ಹೊನ್ನಾಳಿಯಿಂದ ನ್ಯಾಮತಿ, ಮೂರು ಬಸ್ಸು ಹಿಡಿದು ಬಂದಿದ್ದರು. ಹೊನ್ನಾಳಿಯ ಮನೆಗೆ ಹೋಗದೆ ಇಲ್ಲಿಗೆ ಬಂದದ್ದು ನೋಡಿ, ಬೇಡ ಅನ್ನುವುದನ್ನು ಮರ್ಯಾದೆಯಿಂದ ನನ್ನ ಕಿವಿಗೆ ಹಾಕಿ ಹೋಗಲು ಬಂದಿದ್ದಾರೆ ಅಂದುಕೊಂಡೆ. ನೀರು ಕುಡಿದು, ಬಾಯಿ ಒರೆಸಿಕೊಂಡು, "ಆ ಮಿಲ್ಲಿನ ಐಡಿಯಾ ಯಾರ್ದು ಮಾಷ್ಟ್ರೆ?" ಅಂದರು.

"ನನ್ನದೇ" ಅಂದೆ.

"ಗೊತ್ತಾತು ಬಿಡ್ರಿ. ನಿಮ್ಮ ಚಿಕ್ಕಪ್ಪನೋರದು ಅಲ್ಲ ಅಂತ ಅವತ್ತೇ ಗೊತ್ತಾತು" ಅಂದು ನಕ್ಕರು. ಆಮೇಲೆ ಹೇಳಿದರು: "ನಾನು ಅಷ್ಟು ವರ್ಷ ಜಾಬರ್ ಆಗಿದ್ದೋನು. ರಜಾ ಕೇಳಾಕೆ ಬರೋ ಕೂಲಿಗಳ ಸುಳ್ಳು ಕೇಳೋದೇ ಅರ್ಧ ಕೆಲಸ. ಒಬ್ಬೊಬ್ನು ಸತ್ತ ಅಜ್ಜಿನ ಮೂರು ಸಲ ಸಾಯ್ಸೋನು, ಕಣ್ಣಾಗೆ ನೀರೂ ತರೋನು. ನಿಮ್ಮ ಚಿಕ್ಕಪ್ಪನೋರಿಗೆ ಒಂದು ಲೋಟ ಚಾ ಕುಡಿಯೋ ತನಕ ಒಂದು ಸುಳ್ಳು ಹಿಡ್ಕೊಂಡು ಕುಂದ್ರಾಕೆ ಆಗ್ಲಿಲ್ಲ. ನಿಮ್ಮ ಬಸ್ ಸ್ಟ್ಯಾಂಡ್ ಹೋಟ್ಲಾಗೆ ಊರೋರು ಆಡೋದೂ ಕೇಳ್ದೆ. ಅಂಥೋರು ಐದು ವರ್ಷ ಊರ ತುಂಬ ಸುಳ್ಳು ಹೇಳ್ಕೊಂತ ಅಡ್ಡಾಡ್ಯಾರೆ ಅಂದ್ರೆ ನಾನು ನಂಬಲ್ಲ. ಟಗ್ಗು ಇದ್ದಿದ್ದು ಖರೆ. ಯಾರ್ನೂ ಕೇಳೋದು ಬ್ಯಾಡ. ಹುಡುಗಂಗೆ ಹುಡುಗಿ ಒಪ್ಪಿಗೆ ಆಗೈತಿ. ನಮಗೆ ಮನೆ ಒಪ್ಪಿಗೆ ಆಗೈತಿ. ನಿಮ್ಮ ಮಾತು ಒಂದು ಮಾತ್ರ ಇನ್ಮ್ಯಾಲೆ ಎರಡು ಸಲ ವಿಚಾರ ಮಾಡಿ ಕೇಳ್ಬೇಕು."

ಹೆಡ್‌ಮಾಷ್ಟರಿಗೆ ರಜೆ ಚೀಟಿ ಬರೆದುಕೊಟ್ಟು ಅವರ ಜೊತೆಗೇ ಹೊನ್ನಾಳಿಯ ಬಸ್ಸು ಹತ್ತಿದೆ. ಕೊನೆಯ ಬಸ್ಸು ತಪ್ಪೀತೆಂದು ಅವರು ಮನೆಗೆ ಬರದೆ ದಾವಣಗೆರೆಯ ಬಸ್ಸಿಗೆ ಬದಲಾಯಿಸಿಕೊಂಡರು, ನಾನು ಮನೆಗೆ ಹೋದೆ. ಚಿಕ್ಕಮ್ಮ ದೇವರ ಮುಂದೆ ದೀಪ ಹಚ್ಚಿದರು. ನಿರ್ಮಲಾ ಒಳಗೆ ಹೋಗಿ ಬಹಳ ಹೊತ್ತು ಬರಲಿಲ್ಲ. ಚಿಕ್ಕಪ್ಪ ಚನ್ನಬಸಪ್ಪನವರು ಆಡಿದ ಮಾತನ್ನೆಲ್ಲ ಎರಡು ಸಲ ಹೇಳಿಸಿಕೊಂಡರು. "ಖರೆ ಅಂದ್ರಾ?" ಎಂದು ಕೇಳಿದರು. ಅಂದರು ಅಂದೆ. "ಯಾರ್ನೂ ಕೇಳೋದು ಬ್ಯಾಡ ಅಂದ್ರಾ?" ಅದನ್ನೂ ಅಂದರು ಅಂದೆ. ಅಷ್ಟು ಹೊತ್ತೂ ಅವರು ನನ್ನ ಮುಖ ನೋಡಲಿಲ್ಲ. ಸಂತೋಷಕ್ಕೆ ಹಾಗಾಗಿರಬೇಕು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಶಾಲೆಗೆ ಹೋಗಬೇಕಿತ್ತು. ಎಂದೂ ಬಾರದ ಚಿಕ್ಕಪ್ಪ ನನ್ನನ್ನು ಕಳಿಸಲು ಬಸ್ ಸ್ಟ್ಯಾಂಡಿನವರೆಗೆ ಬಂದರು. ದಾರಿಯುದ್ದಕ್ಕೂ ಮದುವೆಯ ಮಾತು. ಸ್ಟ್ಯಾಂಡಿನಲ್ಲಿ ಸಂತೆಯ ಜನ ತುಂಬಿತ್ತು. ಬಸ್ಸು ಇನ್ನೂ ಬಂದಿರಲಿಲ್ಲ. ಬೇವಿನ ಮರದ ಕೆಳಗೆ ನಿಂತೆವು.

"ಊರೋರು ನಂಬ್ಲಿಲ್ಲ ಅಂತ ನನಗೆ ಯಾವತ್ತೂ ಬೇಜಾರಾಗಿಲ್ಲಪ್ಪ" ಅಂದರು. ದನಿಯಲ್ಲಿ ಸಿಟ್ಟಿರಲಿಲ್ಲ. "ಅವರು ಸಮುದ್ರ ನೋಡಿಲ್ಲ, ಅವರದೇನು ತಪ್ಪು. ನೀನು ಮಾತ್ರ ನಂಬೀಯ ಅಂತ ತಿಳ್ಕೊಂಡಿದ್ದೆ. ಪ್ರತಿ ಭಾನುವಾರ ಕುಂತು ಕೇಳ್ತಿದ್ದಲ್ಲ. ಮಿಲ್ ಅಂತ ಹೇಳು ಅಂದ್ಯಲ್ಲ, ಅವತ್ತು ಗೊತ್ತಾತು."

ನನಗೆ ನಾಚಿಕೆಯಾಯಿತು. ಆ ಮನುಷ್ಯ ಮಗಳ ಮದುವೆಗಾಗಿ ಇಪ್ಪತ್ತೇಳು ವರ್ಷದ ಕೆಲಸವನ್ನು ಒಂದು ಗಂಟೆಯ ಮಟ್ಟಿಗೆ ಬಿಟ್ಟುಕೊಡಲು ಒಪ್ಪಿದ್ದರು. ಅದನ್ನು ಬಿಡು ಅಂತ ಕೇಳಿದವನು ನಾನು.

"ಇಲ್ಲ ಚಿಕ್ಕಪ್ಪ, ನಾನು ನಂಬಿದ್ದೆ" ಅಂದೆ.

ಅವರು ನನ್ನ ಮುಖ ನೋಡಿದರು, ಆಮೇಲೆ ಮೆಲ್ಲಗೆ ನಕ್ಕರು. ಅಷ್ಟರಲ್ಲಿ ನ್ಯಾಮತಿಯ ಬಸ್ಸು ಬಂತು, ನಿಲ್ಲುವ ಮೊದಲೇ ಜನ ಮುಗಿಬಿದ್ದರು.

"ಸುಳ್ಳು ಹೇಳಾಕೆ ನಿನಗೂ ಬರಲ್ಲ ಬಿಡಪ್ಪ" ಅಂದು ಚಿಕ್ಕಪ್ಪ ಹೆಗಲ ಮೇಲಿನ ಟವೆಲ್ ತೆಗೆದು, ಜನರ ನಡುವೆ ನುಗ್ಗಿ, ಕಿಟಕಿಯೊಳಗೆ ಎಸೆದು ನನಗೊಂದು ಸೀಟು ಹಿಡಿದರು.